ಬ್ಯಾಂಕಾಕಿನ ಠರಾವು, ನಮ್ಮೂರ ಗುಳಿಗಿ

ಡಿಸೆಂಬರ್ 1, ವಿಶ್ವ ಏಡ್ಸ್ ದಿನ ಬಂತೆಂದರೆ ನಮ್ಮ ಜಿಲ್ಲಾ ಕೇಂದ್ರದಲ್ಲಿ ಜಾಥಾ ಹೊರಡುತ್ತದೆ. ಬಿಳಿ ಕೋಟಿನ ನರ್ಸಿಂಗ್ ಹುಡುಗಿಯರು, ಎದೆಗೆ ಕೆಂಪು ರಿಬ್ಬನ್ನು, ಬ್ಯಾಂಡ್ ಸೆಟ್ಟು. ಉಸ್ತುವಾರಿ ಸಚಿವರು ಹಸಿರು ಬಾವುಟ ಬೀಸುತ್ತಾರೆ, ದೀಪ ಹಚ್ಚುತ್ತಾರೆ, ಎಲ್ಲರೂ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಓದುತ್ತಾರೆ, ಆಮೇಲೆ ಉಪ್ಪಿಟ್ಟು. ಎಷ್ಟೋ ವರ್ಷ ನನ್ನ ಪಾಲಿಗೆ ರಾಜಕೀಯ ಬದ್ಧತೆ ಅಂದರೆ ಇಷ್ಟೇ ಆಗಿತ್ತು. ಸಚಿವರು ಬಂದರೆ ಬದ್ಧತೆ ಇದೆ, ಅವರ ಬದಲು ಯಾರೋ ಬಂದರೆ ಇಲ್ಲ. ನಾವು ಎಚ್‌ಐವಿ ಪಾಸಿಟಿವ್ ಜನ ಲೆಕ್ಕ ಹಾಕುತ್ತಿದ್ದುದೂ ಹಾಗೆಯೇ: 'ಈ ಸಲ ಯಾರ್ ಬಂದಿದ್ರು?'

ಇಂಥ ಬದ್ಧತೆಗಳು ನಿಜವಾಗಿ ಎಲ್ಲಿ ಹುಟ್ಟುತ್ತವೆ, ಎಚ್‌ಐವಿ ಗುಳಿಗಿ ಕೊಡುವ ನಮ್ಮ ಎಆರ್‌ಟಿ ಸೆಂಟರಿನ ಕಿಟಕಿಗೆ ಬಂದು ಮುಟ್ಟುವಷ್ಟರಲ್ಲಿ ಏನಾಗಿರುತ್ತವೆ ಎನ್ನುವುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಅದನ್ನು ಬರೆದಿಡುತ್ತಿದ್ದೇನೆ. ಹೆಸರು ಬೇಡ. ಉತ್ತರ ಕರ್ನಾಟಕದ ಒಂದು ಜಿಲ್ಲೆ ಅಂದರೆ ಸಾಕು.

ಗಂಡ ತೀರಿಕೊಂಡ ಮೇಲೆ, 2009ರಲ್ಲಿ, ನನ್ನ ಪರೀಕ್ಷೆ ಆಯಿತು. ಪಾಸಿಟಿವ್. ಸಿಡಿ4 ಎಣಿಕೆ, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, ನಾನೂರು ಚಿಲ್ಲರೆ. ಕೌನ್ಸಿಲರ್ ಒಳ್ಳೆಯ ಹೆಣ್ಣುಮಗಳು, ಖುಷಿಯ ಸುದ್ದಿ ಹೇಳುವಂತೆ ಹೇಳಿದಳು: 'ನಿಮಗ ಇನ್ನಾ ಗುಳಿಗಿ ಬೇಕಾಗಿಲ್ರಿ ಅಕ್ಕಾರ. ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು ಹೋಗ್ರಿ.' ನನ್ನ ಹೆಸರು ಪ್ರೀ-ಎಆರ್‌ಟಿ ರಿಜಿಸ್ಟರಿಗೆ ಹೋಯಿತು. ಗಂಡ ಕಣ್ಣೆದುರೇ ಸವೆದು ಹೋದದ್ದನ್ನು ನೋಡಿದವಳಿಗೆ ಆ ಮಾತು ಹೇಗೆ ಕೇಳಿಸಿತು ಎಂದರೆ, ನೀನಿನ್ನೂ ಸಾಲುವಷ್ಟು ಜಡ್ಡು ಬಿದ್ದಿಲ್ಲ, ಬಿದ್ದ ಮೇಲೆ ಬಾ. ಡಾಕ್ಟರನ್ನು ಕೇಳಿದೆ. 'ಅದು ನಮ್ಮ ಕೈಯಾಗಿಲ್ಲವ್ವ, ನ್ಯಾಕೊ ಗೈಡ್‌ಲೈನು' ಅಂದರು. ನ್ಯಾಕೊ ಎಂದರೆ ದೆಹಲಿಯಲ್ಲಿರುವ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಎಂದು ಆಮೇಲೆ ತಿಳಿಯಿತು. ದೆಹಲಿಯವರನ್ನು ಕೇಳುವುದು ಹೇಗೆ?

ಆ ಗಡಿಯ ಕಥೆ ಇಷ್ಟು. ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ. ಕರ್ನಾಟಕ ಅದರಲ್ಲೊಂದು. ಮೊದಲು ಸಿಡಿ4 200ಕ್ಕಿಂತ ಕೆಳಗೆ ಇಳಿದವರಿಗೆ ಮಾತ್ರ ಮಾತ್ರೆ. ಆಮೇಲೆ 350 ಆಯಿತು, ಆಮೇಲೆ 500. ಕೊನೆಗೆ 2017ರಲ್ಲಿ ಗಡಿಯನ್ನೇ ತೆಗೆದು, ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರೆಲ್ಲರಿಗೂ ಚಿಕಿತ್ಸೆ ಅಂದರು. ವೈರಸ್ಸು ಅದೇ, ಮೈಯೂ ಅದೇ. ನಡುವೆ ಬದಲಾದದ್ದು ವಿಜ್ಞಾನದ ತಿಳಿವಳಿಕೆ ಒಂದು, ದುಡ್ಡು ಎತ್ತಿಡುವ ಮನಸ್ಸು ಇನ್ನೊಂದು. ಎರಡನೆಯದರ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ. ನನ್ನ ಎಣಿಕೆ ಇಳಿಯುತ್ತ, ಸರ್ಕಾರದ ಗಡಿ ಏರುತ್ತ, 2012ರಲ್ಲಿ ಎರಡೂ ಭೇಟಿಯಾದವು. ನನ್ನ ಕೈಗೆ ಚಿಕಿತ್ಸೆಯ ವಿವರ ಬರೆಯುವ ಹಸಿರು ಪುಸ್ತಕ ಬಂತು, ಗುಳಿಗಿ ಶುರುವಾಯಿತು.

ಆ ಹೊತ್ತಿಗೆ ನಾನು ಜಿಲ್ಲೆಯ ಪಾಸಿಟಿವ್ ಜನರ ಸಂಘದಲ್ಲಿ ಕೆಲಸಕ್ಕೆ ಸೇರಿದ್ದೆ. ಗುಳಿಗಿ ಬಿಟ್ಟವರ ಮನೆ ಹುಡುಕಿಕೊಂಡು ಹೋಗುವುದು, ವಿಧವೆಯರಿಗೆ ಪಿಂಚಣಿ ಅರ್ಜಿ ಬರೆದುಕೊಡುವುದು, ಶಾಲೆಯಲ್ಲಿ ಮಗುವನ್ನು ಬೇರೆ ಕೂರಿಸಿದರೆ ಹೆಡ್‌ಮಾಸ್ತರ ಹತ್ತಿರ ಜಗಳ ಕಾಯುವುದು. 2014ರ ಕೊನೆಯಲ್ಲಿ ಬ್ಯಾಂಕಾಕಿನಲ್ಲಿ ನಡೆಯುವ ವಿಶ್ವಸಂಸ್ಥೆಯ ಏಡ್ಸ್ ಸಭೆಗೆ ನಮ್ಮ ಕಡೆಯಿಂದ ಒಬ್ಬ ಹೆಣ್ಣುಮಗಳು ಬೇಕು ಎಂದು ಸುದ್ದಿ ಬಂದಾಗ ನನ್ನ ಹೆಸರು ಹೋದದ್ದು ಬಹುಶಃ ಈ ಜಗಳಗಂಟಿತನದಿಂದಲೇ. ಪಾಸ್‌ಪೋರ್ಟಿಗಾಗಿ ಪೊಲೀಸ್ ವೆರಿಫಿಕೇಶನ್ನಿಗೆ ಬಂದವನು 'ಥೈಲ್ಯಾಂಡಿಗೆ ಏನ್ ಕೆಲಸ?' ಎಂದು ಹುಬ್ಬು ಹಾರಿಸಿದ. ಆ ಕಥೆ ಬೇರೆ.

ಹೊರಡುವ ಮುನ್ನ ದೆಹಲಿಯಲ್ಲಿ ತಯಾರಿ. ಅಲ್ಲಿ ನಮ್ಮ ತಲೆಗೆ ತುಂಬಿದ್ದು ಪೂರಾ ಠರಾವುಗಳ ಇತಿಹಾಸ. ಸಭೆ ಕರೆದ ಎಸ್ಕ್ಯಾಪ್ ಎನ್ನುವುದು ವಿಶ್ವಸಂಸ್ಥೆಯ ಏಷ್ಯಾ-ಪೆಸಿಫಿಕ್ ಆಯೋಗ, 53 ಸದಸ್ಯ ದೇಶಗಳು. 2010ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಸೇರಿದಾಗ 66/10 ಎಂಬ ಠರಾವು ಮಾಡಿದರು: ಎಚ್‌ಐವಿ ತಡೆ, ಚಿಕಿತ್ಸೆ, ಆರೈಕೆ, ಬೆಂಬಲ ಎಲ್ಲರಿಗೂ ಸಿಗಬೇಕು. ಮರುವರ್ಷ 67/9. 2012ರ ಫೆಬ್ರವರಿಯಲ್ಲಿ ಬ್ಯಾಂಕಾಕಿನಲ್ಲಿ ಉನ್ನತ ಮಟ್ಟದ ಸಭೆ ಕೂಡಿಸಿ 2015ರವರೆಗಿನ ಹಾದಿಯ ನಕಾಶೆ ಒಪ್ಪಿಕೊಂಡರು. ಅದರ ಅವಧಿ ಮುಗಿಯುತ್ತ ಬಂದಿದ್ದರಿಂದ ಈಗ ಮತ್ತೆ ಸಭೆ. ನಂಬರುಗಳನ್ನು ಕೇಳುತ್ತ ನಾವು ಆಕಳಿಸುತ್ತ ಕೂತಿದ್ದೆವು, ಸುಳ್ಳು ಯಾಕೆ ಹೇಳಲಿ. ಆದರೆ ಪಾಠ ಹೇಳುತ್ತಿದ್ದ ಮುಂಬೈಯ ಗೆಳೆಯ ಒಂದು ಕಡೆ ನಿಂತ. ಆ ಠರಾವುಗಳಲ್ಲಿ ಮುಖ್ಯ ಸಂಗತಿ ಮಾತ್ರೆಯಲ್ಲ, ಪೊಲೀಸ್ ಅಂದ. ಪ್ರತಿ ದೇಶವೂ ತನ್ನ ಕಾನೂನುಗಳನ್ನು ತೆಗೆದು ನೋಡಬೇಕು, ಜನ ಪರೀಕ್ಷೆಗೆ, ಚಿಕಿತ್ಸೆಗೆ ಬರದಂತೆ ಅವು ಹೇಗೆ ಅಡ್ಡಗಟ್ಟುತ್ತಿವೆ ಎಂದು ಪರಿಶೀಲಿಸಬೇಕು, ಆರೋಗ್ಯ ಇಲಾಖೆಯ ಜೊತೆ ನ್ಯಾಯ, ಪೊಲೀಸ್, ಮಾದಕ ವಸ್ತು ನಿಯಂತ್ರಣದವರನ್ನೂ ಒಂದೇ ಮೇಜಿಗೆ ಕೂರಿಸಬೇಕು ಎಂದಿತ್ತು ಅಲ್ಲಿ. ಆಗ ನಾನು ಕಣ್ಣು ಬಿಟ್ಟೆ. ಬಸ್ ಸ್ಟ್ಯಾಂಡಿನ ಹಿಂದೆ ನಿಲ್ಲುವ ಹೆಣ್ಣುಮಕ್ಕಳ ಬ್ಯಾಗಿನಲ್ಲಿ ನಿರೋಧ್ ಸಿಕ್ಕರೆ ಅದನ್ನೇ ಸಾಕ್ಷಿ ಮಾಡಿ ಠಾಣೆಗೆ ಎಳೆದೊಯ್ಯುವುದನ್ನು ನೋಡಿದವಳು ನಾನು. ಒಂದು ಇಲಾಖೆ ಹಂಚುತ್ತದೆ, ಇನ್ನೊಂದು ಅದಕ್ಕೇ ಹಿಡಿಯುತ್ತದೆ. ಇದು ಕೊರಿಯಾದಲ್ಲಿ ಕೂತವರಿಗೂ ಗೊತ್ತಿತ್ತೆ?

ಮುಂಬೈಯ ಆ ಗೆಳೆಯನ ಪರಿಸ್ಥಿತಿ ಇನ್ನೂ ವಿಚಿತ್ರ. 2009ರಲ್ಲಿ ದೆಹಲಿ ಹೈಕೋರ್ಟು ಸಲಿಂಗಕಾಮವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನಿಂದ ಬಿಡುಗಡೆ ಕೊಟ್ಟಿತ್ತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ವಾಪಸ್ ತಂದಿತ್ತು. 'ನಾನು ಅಪರಾಧಿಯಾಗಿ ಹೊರಟಿದ್ದೇನೆ, ದೇಶದ ನಿಯೋಗದ ಹಿಂದಿನ ಸಾಲಿನಲ್ಲಿ ಕೂರುತ್ತೇನೆ' ಎಂದು ನಗುತ್ತಿದ್ದ. 2018ರಲ್ಲಿ ಅದು ಮತ್ತೆ ಹೋಯಿತು, ಈ ಸಲ ಗಟ್ಟಿಯಾಗಿ.

ಸಭೆ ನಡೆದದ್ದು 2015ರ ಜನವರಿ 28ರಿಂದ 30ರವರೆಗೆ, ಬ್ಯಾಂಕಾಕಿನ ವಿಶ್ವಸಂಸ್ಥೆ ಸಮ್ಮೇಳನ ಕೇಂದ್ರದಲ್ಲಿ. ನನಗೆ ಆಗ ಮೂರು ಔಷಧಿ ಸೇರಿದ ಟಿಎಲ್‌ಇ ಗುಳಿಗಿ. ಅದರಲ್ಲಿನ ಎಫಾವಿರೆನ್ಜ್ ಎಂಬ ಔಷಧಿ ತೆಗೆದುಕೊಂಡವರಿಗೆ ಗೊತ್ತು ಅದರ ಆಟ. ರಾತ್ರಿ ಮಲಗುವಾಗ ನುಂಗಬೇಕು, ನುಂಗಿದ ಮೇಲೆ ತಲೆ ತಿರುಗು, ಬಣ್ಣಬಣ್ಣದ ಕೆಟ್ಟ ಕನಸು, ಬೆಳಗ್ಗೆ ಎದ್ದಾಗ ನೆಲ ಒಂದಿಷ್ಟು ದೂರ ಇದ್ದಂತೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನಾನು ಮೊಬೈಲಿನ ಅಲಾರಂ ಬದಲಿಸದೆ ಊರಿನ ಟೈಮಿಗೇ ನುಂಗಿದೆ. ಹಾಗಾಗಿ ಸಭೆಯ ಬೆಳಗಿನ ಭಾಗವೆಲ್ಲ ನನಗೆ ನೆನಪಿರುವುದು ಮಂಜಿನೊಳಗಿಂದ ಕಂಡಂತೆ: ದೇಶಗಳ ಹೆಸರಿನ ಫಲಕಗಳ ಸಾಲು, ಕುರ್ಚಿಯ ಪಕ್ಕದ ಹೆಡ್‌ಫೋನು. ಅದರಲ್ಲಿ ಇಂಗ್ಲಿಷ್, ಫ್ರೆಂಚ್, ರಷ್ಯನ್, ಚೀನಿ ಬರುತ್ತಿತ್ತು. ನನಗೆ ಬೆಂಗಳೂರಿನ ಸಂಗಾತಿಯೊಬ್ಬಳು ಕಿವಿಯಲ್ಲಿ ಕನ್ನಡ ಉಸುರುತ್ತಿದ್ದಳು.

ಭಾಷಣಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪ್ರತಿ ದೇಶವೂ ತನ್ನಲ್ಲಿ ಎಲ್ಲ ಸರಿಯಾಗಿದೆ, ಇನ್ನಷ್ಟು ಸರಿಮಾಡುತ್ತೇವೆ ಎಂದಿತು. ಆ ಹೊತ್ತಿಗೆ ನಮ್ಮ ಇಡೀ ಪ್ರದೇಶದಲ್ಲಿ ಸುಮಾರು 50 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು. ಅವರಲ್ಲಿ 21 ಲಕ್ಷ ಮಂದಿ ಭಾರತದವರೇ. ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಏಡ್ಸ್ ವಿಭಾಗವಾದ ಯುಎನ್‌ಏಡ್ಸ್ 90-90-90 ಎಂಬ ಗುರಿ ಇಟ್ಟಿತ್ತು. 2020ರೊಳಗೆ ಸೋಂಕಿತರಲ್ಲಿ ನೂರಕ್ಕೆ 90 ಜನಕ್ಕೆ ತಮ್ಮ ಸ್ಥಿತಿ ಗೊತ್ತಿರಬೇಕು, ಗೊತ್ತಿದ್ದವರಲ್ಲಿ 90 ಭಾಗ ಚಿಕಿತ್ಸೆಯಲ್ಲಿರಬೇಕು, ಚಿಕಿತ್ಸೆಯಲ್ಲಿರುವವರಲ್ಲಿ 90 ಭಾಗಕ್ಕೆ ವೈರಸ್ಸು ಅಡಗಿರಬೇಕು. ಎಲ್ಲರ ಬಾಯಲ್ಲೂ ಅದೇ. ನನಗೆ ಅನ್ನಿಸಿದ್ದು ಮಾತ್ರ ಒಂದೇ: ಮೂರನೆಯ 90 ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಾಗುತ್ತದೆ? ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ ಆಗ ನಮ್ಮಂಥವರಿಗೆ ವರ್ಷಕ್ಕೊಮ್ಮೆ ಮಾಡುತ್ತಿರಲಿಲ್ಲ. ಗುಳಿಗಿ ಕೆಲಸ ಮಾಡುತ್ತಿಲ್ಲ ಎಂದು ಅನುಮಾನ ಬಂದವರಿಗೆ ಮಾತ್ರ. ಎಲ್ಲರಿಗೂ ಅದು ಶುರುವಾಗಿದ್ದು 2018ರಲ್ಲಿ. ಅಳೆಯುವ ಕೋಲಿಲ್ಲದೆ ಎತ್ತರದ ಮಾತು.

ಅಸಲಿ ಕೆಲಸ ನಡೆಯುವುದು ಬೇರೆ ಕೋಣೆಯಲ್ಲಿ. ಅಲ್ಲಿ ದಾಖಲೆಯ ವಾಕ್ಯಗಳ ಚೌಕಾಸಿ ನಡೆಯುತ್ತದೆ, ನಮ್ಮಂಥವರಿಗೆ ಪ್ರವೇಶವಿಲ್ಲ. ನಾವು ಹೊರಗೆ ಕಾಫಿ ಯಂತ್ರದ ಹತ್ತಿರ ನಿಲ್ಲುತ್ತಿದ್ದೆವು. ಯಾರಾದರೂ ಅಧಿಕಾರಿ ಹೊರಬಂದರೆ ನಮ್ಮವರು ಸುತ್ತಿಕೊಳ್ಳುತ್ತಿದ್ದರು. ಇಂಥ ಸಭೆಗಳಲ್ಲಿ ಯಾವಾಗಲೂ ಗಂಟು ಬೀಳುವುದು ಒಂದೇ ಜಾಗದಲ್ಲಂತೆ: ಲೈಂಗಿಕ ವೃತ್ತಿಯವರು, ಸಲಿಂಗಿ ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು, ಸೂಜಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರು ಎಂದು ಹೆಸರಿಟ್ಟು ಬರೆಯಬೇಕೆ, ಇಲ್ಲ 'ದುರ್ಬಲ ವರ್ಗಗಳು' ಎಂದು ಮುಚ್ಚಿಹಾಕಬೇಕೆ. 2011ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಘೋಷಣೆಯಲ್ಲಿ ಮೊದಲ ಬಾರಿಗೆ ಲೈಂಗಿಕ ವೃತ್ತಿಯವರ ಹೆಸರು ಬಂದಿತ್ತು, ಸಲಿಂಗಿ ಪುರುಷರದು, ಸೂಜಿ ಬಳಸುವವರದು ಬಂದಿತ್ತು. ಅದಕ್ಕೂ ಮುಂಚೆ ಮೂವತ್ತು ವರ್ಷ ರೋಗ ಇತ್ತು, ಜನ ಇರಲಿಲ್ಲ. ಹೆಸರಿದ್ದರೆ ಅದರ ಮುಂದೆ ಬಜೆಟ್ ಸಾಲು ಬರುತ್ತದೆ, ಕಾರ್ಯಕ್ರಮ ಬರುತ್ತದೆ. ಇಲ್ಲದಿದ್ದರೆ ಕೇಳಲು ಹೋದವರಿಗೆ 'ನೀವು ಇದರಲ್ಲಿ ಎಲ್ಲಿದ್ದೀರಿ, ತೋರಿಸಿ' ಅನ್ನುತ್ತಾರೆ. ಈ ಜಗಳ ವ್ಯರ್ಥ ಅಂತ ನಾನು ಅವತ್ತಿನಿಂದ ಅನ್ನುವುದು ಬಿಟ್ಟೆ.

ಅದೇ ಕಾಫಿ ಯಂತ್ರದ ಹತ್ತಿರ ಕಾಂಬೋಡಿಯಾದ ಹೆಣ್ಣುಮಗಳೊಬ್ಬಳು ಸಿಕ್ಕಳು. ಭಾಷೆ ಇಲ್ಲ. ಬ್ಯಾಗಿನಿಂದ ತನ್ನ ಗುಳಿಗಿ ಡಬ್ಬಿ ತೆಗೆದು ತೋರಿಸಿದಳು. ನಾನೂ ನನ್ನದು ತೆಗೆದೆ. ಬಿಳಿ ಪ್ಲಾಸ್ಟಿಕ್ಕಿನ ಡಬ್ಬಿ, ಮುಚ್ಚಳದೊಳಗೆ ಹತ್ತಿ, ತೇವ ಹೀರುವ ಸಣ್ಣ ಪೊಟ್ಟಣ. ಎರಡರ ಮೇಲೂ ಹೈದರಾಬಾದಿನ ವಿಳಾಸ. ಅವಳು 'ಇಂಡಿಯಾ' ಎಂದು ಡಬ್ಬಿಯನ್ನು ಎದೆಗೊತ್ತಿಕೊಂಡಳು. ಬಡ ದೇಶಗಳ ಎಚ್‌ಐವಿ ಔಷಧಿಯ ಬಹುಪಾಲು ನಮ್ಮ ಕಂಪನಿಗಳಿಂದ ಹೋಗುತ್ತದೆ ಎಂದು ಕೇಳಿದ್ದೆ, ಕಂಡಿರಲಿಲ್ಲ. 2001ರಲ್ಲಿ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದಾಗ ಅಮೆರಿಕದ ದರ ಹತ್ತು ಸಾವಿರ ಡಾಲರಿಗೂ ಮೇಲಿತ್ತು. ಹೀಗಾಗಿ ಆ ಸಭೆಯಲ್ಲಿ ಬೇರೆ ದೇಶದ ಪಾಸಿಟಿವ್ ಜನ ನಮ್ಮನ್ನು ಹಿಡಿದು ಕೇಳಿದ್ದು ಭಾರತದ ಏಡ್ಸ್ ನೀತಿಯ ಬಗ್ಗೆ ಅಲ್ಲ, ವ್ಯಾಪಾರ ಒಪ್ಪಂದಗಳ ಬಗ್ಗೆ. ಆಗ ಏಷ್ಯಾ-ಪೆಸಿಫಿಕ್ ದೇಶಗಳ ದೊಡ್ಡ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯ ಮಾತುಕತೆ ನಡೆಯುತ್ತಿತ್ತು. ಪೇಟೆಂಟ್ ಷರತ್ತು ಬಿಗಿಯಾದರೆ ಅಗ್ಗದ ಗುಳಿಗಿ ನಿಲ್ಲುತ್ತದೆ, ನಿಮ್ಮ ಸರ್ಕಾರಕ್ಕೆ ಹೇಳಿ ಅನ್ನುತ್ತಿದ್ದರು. ಆರೋಗ್ಯ ಸಚಿವರು ಒಂದು ಕೋಣೆಯಲ್ಲಿ ಕೊಟ್ಟ ಮಾತನ್ನು ವಾಣಿಜ್ಯ ಸಚಿವರು ಇನ್ನೊಂದು ಕೋಣೆಯಲ್ಲಿ ಮುರಿಯಬಹುದು ಎಂದು ನನಗೆ ಹೊಳೆದದ್ದು ಅಲ್ಲೇ. ಭಾರತ 2019ರ ನವೆಂಬರಿನಲ್ಲಿ ಆರ್‌ಸಿಇಪಿಯಿಂದ ಹಿಂದೆ ಸರಿಯಿತು, ಅದಕ್ಕೆ ಹೈನುಗಾರರ ಕೂಗು, ಚೀನಾದ ಸರಕಿನ ಭಯ ಎಲ್ಲ ಕಾರಣ. ನಮ್ಮ ಗುಳಿಗಿಗೂ ಅದರಲ್ಲಿ ಲಾಭವಾಯಿತು ಅಂತ ನಾನು ಲೆಕ್ಕ ಹಿಡಿದಿದ್ದೇನೆ.

ನನಗೂ ಮಾತಾಡಲು ಅವಕಾಶ ಸಿಕ್ಕಿತು, ಮುಖ್ಯ ಸಭಾಂಗಣದಲ್ಲಲ್ಲ, ಪಕ್ಕದ ಸಣ್ಣ ಸಭೆಯೊಂದರಲ್ಲಿ. ದುಡ್ಡಿನ ಬಗ್ಗೆ ಮಾತಾಡಿದೆ. ಸಭೆಯ ದೊಡ್ಡ ಮಂತ್ರವೇ ಆಗ 'ದೇಶಗಳು ತಮ್ಮ ಸ್ವಂತ ದುಡ್ಡು ಹಾಕಲಿ' ಎನ್ನುವುದಾಗಿತ್ತು. ಹೊರಗಿನ ದಾನಿಗಳು ಕೈ ಹಿಂದೆಗೆಯುತ್ತಿದ್ದರು. ಭಾರತ ಸ್ವಂತ ದುಡ್ಡು ಹಾಕುವುದರಲ್ಲಿ ಮುಂದಿದೆ ಎಂದು ವೇದಿಕೆಯಿಂದ ಹೊಗಳಿಕೆ ಬಂತು, ಅದು ನಿಜವೇ. ಆದರೆ ಹಿಂದಿನ ತಿಂಗಳಷ್ಟೇ, 2014ರ ಡಿಸೆಂಬರಿನಲ್ಲಿ, ಏಡ್ಸ್ ಕಾರ್ಯಕ್ರಮದ ಹಣವನ್ನು ಸುಮಾರು 1,300 ಕೋಟಿಗೆ ಇಳಿಸುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಅದಕ್ಕಿಂತ ನಮ್ಮನ್ನು ಹಣ್ಣು ಮಾಡಿದ್ದು ಇನ್ನೊಂದು. ಆ ವರ್ಷದಿಂದ ಕೇಂದ್ರದ ದುಡ್ಡು ರಾಜ್ಯದ ಏಡ್ಸ್ ಸೊಸೈಟಿಗೆ ನೇರ ಬರುವುದು ನಿಂತು, ರಾಜ್ಯದ ಖಜಾನೆ ಸುತ್ತಿ ಬರತೊಡಗಿತ್ತು. ಫೈಲು ಸುತ್ತುವಷ್ಟರಲ್ಲಿ ನಮ್ಮ ಫೀಲ್ಡ್ ಹುಡುಗಿಯರಿಗೆ ಸಂಬಳ ಇಲ್ಲ. ಕೈಯಿಂದ ಬಸ್ ಚಾರ್ಜು ಹಾಕಿಕೊಂಡು ಹಳ್ಳಿ ತಿರುಗುತ್ತಿದ್ದರು, ಕೆಲವರು ಬಿಟ್ಟೇ ಹೋದರು. ಅದನ್ನೇ ಹೇಳಿದೆ. ಸಂಗಾತಿ ಇಂಗ್ಲಿಷಿಗೆ ತಿರುಗಿಸಿದಳು. ಆಮೇಲೆ ನಮ್ಮ ದೇಶದ ಅಧಿಕಾರಿಯೊಬ್ಬರು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಅಂದುಕೊಂಡೆ. 'ಮನೆಯ ಮಾತು ಇಲ್ಲಿ ಯಾಕೆ ಆಡಿದಿರಿ ಅಂತ ಕೇಳುವುದಿಲ್ಲ. ಆದರೆ ಇದನ್ನು ಇಲ್ಲಿ ಆಡಿ ಏನೂ ಆಗುವುದಿಲ್ಲ. ನಿಮ್ಮ ಖಜಾನೆ ಬೆಂಗಳೂರಿನಲ್ಲಿದೆ. ನಿಮ್ಮ ಶಾಸಕರನ್ನು ಹಿಡಿಯಿರಿ' ಅಂದರು.

ಮೂರನೆಯ ದಿನ ದೇಶಗಳೆಲ್ಲ 2015ರ ನಂತರದ ಪ್ರಾದೇಶಿಕ ಕ್ರಿಯಾ ಚೌಕಟ್ಟನ್ನು ಒಪ್ಪಿದವು. ಚಪ್ಪಾಳೆ. ಊರಿಗೆ ಬಂದು ಸಂಘದ ಸಭೆಯಲ್ಲಿ ಹೇಳಿದಾಗ ಹಿರಿಯ ಸದಸ್ಯೆಯೊಬ್ಬಳು, ಹಿಂದೆ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದವಳು, ಕೇಳಿದ ಪ್ರಶ್ನೆ ಇದು: 'ಅಷ್ಟ್ ದೇಶದಾವ್ರು ಕೂಡಿ ಬರದಾರಲ್ಲ, ಮಾಡಲಿಲ್ಲಂದ್ರ ಯಾರ್ ಬಂದ್ ಯಾರ್ನ ಹಿಡೀತಾರ?' ಯಾರೂ ಯಾರನ್ನೂ ಹಿಡಿಯುವುದಿಲ್ಲ. ಪ್ರಾದೇಶಿಕ ಠರಾವಿಗೆ ಕೋರ್ಟಿಲ್ಲ, ದಂಡವಿಲ್ಲ. 1982ರಲ್ಲೇ ದೇವದಾಸಿ ಪದ್ಧತಿ ನಿಷೇಧದ ಕಾನೂನು ಮಾಡಿದ ರಾಜ್ಯ ನಮ್ಮದು, ಅದಾದ ಮೇಲೂ ಮುತ್ತು ಕಟ್ಟಿದ್ದನ್ನು ಕಂಡವಳು ಆಕೆ. ಕಾಗದದ ಮೇಲೆ ಆಕೆಗೆ ನಂಬಿಕೆ ಕಮ್ಮಿ ಇದ್ದರೆ ತಪ್ಪೇನು.

ಆ ಅಧಿಕಾರಿಯ ಮಾತು ಮಾತ್ರ ತಲೆಯಲ್ಲಿತ್ತು. ಮನವಿ ಪತ್ರ ಕೊಡುವುದು ನಮಗೆ ಹೊಸದಲ್ಲ. ಎಲ್ಲ ಪಕ್ಷದವರಿಗೂ ಕೊಟ್ಟಿದ್ದೇವೆ, ಶಾಲು ಹೊದೆಸಿ ಫೋಟೋ ತೆಗೆಸಿಕೊಂಡಿದ್ದೇವೆ. ಮನವಿ ಮೇಲೆ ಶಾಸಕರು 'ಸೂಕ್ತ ಕ್ರಮಕ್ಕಾಗಿ' ಎಂದು ಬರೆದು ಸಹಿ ಹಾಕುತ್ತಾರೆ, ಅದು ಇಲಾಖೆಗೆ ಹೋಗುತ್ತದೆ, ಅಲ್ಲಿ ಮಲಗುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ನಾವು ಕೆಲವರು ಮತ್ತೆ ಹೋದೆವು. ಪಾಸು ಸಿಗಲು ಅರ್ಧ ದಿನ. ನಮ್ಮ ಭಾಗದವರೇ ಒಬ್ಬ ಶಾಸಕರು, ವಯಸ್ಸಾದವರು, ಮನವಿ ಓದಿ ಮಡಚಿ ವಾಪಸ್ ಕೊಟ್ಟರು. 'ಇದನ್ನ ಕೊಟ್ರ ನಾ ಏನ್ ಮಾಡ್ಲಿ? ಪ್ರಶ್ನಿ ಬರ್ದು ಕೊಡ್ರಿ. ಪ್ರಶ್ನಿ ಹಾಕಿದ್ರ ಇಲಾಖಿ ಉತ್ತರ ಕೊಡಾಕ ಬೇಕು, ಮಂತ್ರಿ ಸಹಿ ಹಾಕಾಕ ಬೇಕು' ಅಂದರು. ಅವರ ಆಪ್ತ ಸಹಾಯಕನೇ ಕೂತು ಕಲಿಸಿದ. ಚುಕ್ಕೆ ಗುರುತಿನ ಪ್ರಶ್ನೆ ಆದರೆ ಸದನದಲ್ಲಿ ಬಾಯಿಂದ ಉತ್ತರ, ಗುರುತಿಲ್ಲದ್ದಾದರೆ ಬರಹದಲ್ಲಿ. ಅ, ಆ, ಇ ಎಂದು ಒಡೆದು ಕೇಳಬೇಕು. 'ಏನು ಕ್ರಮ ಕೈಗೊಂಡಿದೆ?' ಎಂದು ಕೇಳಿದರೆ ಪುರಾಣ ಬರುತ್ತದೆ. 'ಎಷ್ಟು, ಯಾವ ತಿಂಗಳಿಂದ, ಯಾವಾಗ ಬಿಡುಗಡೆ?' ಎಂದು ಕೇಳಬೇಕು.

ಉತ್ತರ ಬಂತು. ಎಡಗಡೆ ನಮ್ಮ ಪ್ರಶ್ನೆ, ಬಲಗಡೆ ಸರ್ಕಾರದ ಉತ್ತರ, ಕೆಳಗೆ ಸಚಿವರ ಸಹಿ. 'ಕ್ಷೇತ್ರ ಕಾರ್ಯಕರ್ತರ ವೇತನ ವಿಳಂಬವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎದುರಿಗೆ ಒಂದೇ ಪದ: 'ಬಂದಿದೆ.' ಆ ಹಾಳೆ ಹಿಡಿದು ನಮ್ಮ ಹುಡುಗಿಯರು ಕುಣಿದರು. ಬಾಕಿಯೆಲ್ಲ ಒಮ್ಮೆಲೇ ಬರಲಿಲ್ಲ, ಕಂತಿನಲ್ಲಿ ಬಂತು. ಆದರೆ ಆ ಒಂದು ಪದದ ಜೆರಾಕ್ಸು ಹಿಡಿದುಕೊಂಡು ಹೋದ ಕಚೇರಿಗಳಲ್ಲಿ ನಮಗೆ ಕುರ್ಚಿ ಸಿಗತೊಡಗಿತು. ಜಾಥಾಕ್ಕೆ ಬಂದ ಸಚಿವರಿಗಿಂತ ಈ ಸಹಿ ನನಗೆ ಹೆಚ್ಚಿನದಾಗಿ ಕಂಡಿತು.

2017ರ ಏಪ್ರಿಲಿನಲ್ಲಿ ಸಂಸತ್ತು ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆಯನ್ನು ಪೂರ್ತಿಗೊಳಿಸಿತು. ಮಸೂದೆ ರಾಜ್ಯಸಭೆಗೆ ಬಂದಿದ್ದು 2014ರ ಫೆಬ್ರವರಿಯಲ್ಲಿ. ಅದರ ಹಿಂದೆಯೂ ವರ್ಷಗಟ್ಟಲೆ ಕರಡು ಓಡಾಡಿತ್ತು. ಇದಕ್ಕಾಗಿ ದೆಹಲಿಯಲ್ಲಿ ಒತ್ತಡ ಹಾಕಿದವರಲ್ಲಿ ಸಂಸದರ ಏಡ್ಸ್ ವೇದಿಕೆಯೂ ಇತ್ತು, ಅದನ್ನು ಬಹುಕಾಲ ನಡೆಸಿದವರು ನಮ್ಮ ಕರಾವಳಿಯ ಆಸ್ಕರ್ ಫರ್ನಾಂಡಿಸ್. ಬ್ಯಾಂಕಾಕಿನ ಠರಾವಿನಿಂದ ಕಾನೂನು ಬಂತು ಎಂದು ನಾನು ಹೇಳಲಾರೆ. ಕಾನೂನಿನ ಅಡೆತಡೆ ತೆಗೆಯುತ್ತೇವೆ ಎಂದು ಹೊರಗೆ ಹೇಳಿ ಬಂದವರ ಮುಂದೆ, 'ಹಾಗಾದರೆ ಮಸೂದೆ ಎಲ್ಲಿ?' ಎಂದು ಒಳಗಿನವರು ಕೇಳಲು ಅದು ಒಂದು ಕೊಕ್ಕೆಯಾಯಿತು, ಅಷ್ಟು ನಿಜ. ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ರಂದು. 14ನೇ ಕಲಮಿನಲ್ಲಿ ಚಿಕಿತ್ಸೆಯನ್ನು 'ಸಾಧ್ಯವಾದಷ್ಟು ಮಟ್ಟಿಗೆ' ಒದಗಿಸುವುದು ಎಂದು ಸೇರಿಸಿದ್ದಕ್ಕೆ ನಮ್ಮವರು ತುಂಬ ಗಲಾಟೆ ಮಾಡಿದರು. ಅದು ಹಾಗೇ ಉಳಿಯಿತು.

ಆ ಕಾಯ್ದೆಯನ್ನು ಬಳಸಿ ನೋಡಿದ್ದು ಮರುವರ್ಷ. ನಮ್ಮ ಸದಸ್ಯನೊಬ್ಬನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಪಕ್ಕದ ಜಿಲ್ಲೆಯ ಖಾಸಗಿ ಆಸ್ಪತ್ರೆ. ಹೇಳದೆ ಕೇಳದೆ ರಕ್ತ ಪರೀಕ್ಷೆ ಮಾಡಿ, ಅವನ ಅಣ್ಣನ ಎದುರೇ ಹೇಳಿ, 'ಸ್ಪೆಷಲ್ ಕಿಟ್' ಎಂದು ಹದಿನೈದು ಸಾವಿರ ಹೆಚ್ಚಿಗೆ ಕೇಳಿದರು. ಇಲ್ಲವೆಂದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಈ ಕಿಟ್ಟಿನ ಕಥೆ ಎಲ್ಲ ಪಾಸಿಟಿವ್ ಜನರಿಗೂ ಗೊತ್ತು. ರಕ್ತದಿಂದ ಹರಡುವ ರೋಗಗಳ ವಿರುದ್ಧದ ಮುನ್ನೆಚ್ಚರಿಕೆ ಪ್ರತಿ ರೋಗಿಗೂ ಒಂದೇ ಆಗಿರಬೇಕು, ಯಾಕೆಂದರೆ ಯಾರ ರಕ್ತದಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನಮಗೆ ಮಾತ್ರ ಹೆಚ್ಚಿನ ಬಿಲ್ಲು ಅಂದರೆ ಉಳಿದವರಿಗೆ ಗವುಸು ತೊಳೆದು ಹಾಕುತ್ತಾರೆ ಎಂದೇ ಅರ್ಥ.

ಸಂಘದಲ್ಲಿ ಕೂತು ಪತ್ರ ಬರೆದೆವು. 3ನೇ ಕಲಂ, ಆರೋಗ್ಯ ಸೇವೆಯಲ್ಲಿ ತಾರತಮ್ಯ. 5ನೇ ಕಲಂ, ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ. 21ನೇ ಕಲಂ, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಸಿಬ್ಬಂದಿ ಇರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು, ಆದ್ದರಿಂದ ನಿಮ್ಮ ದೂರು ಅಧಿಕಾರಿಯ ಹೆಸರು ತಿಳಿಸಿ. ಕಾಯ್ದೆಯಡಿ ದೂರು ವಿಚಾರಿಸುವ ಓಂಬುಡ್ಸ್‌ಮನ್ ಹತ್ತಿರ ಹೋದರೆ ಮೂವತ್ತು ದಿನದಲ್ಲಿ ಆದೇಶ, ಆದೇಶ ಪಾಲಿಸದಿದ್ದರೆ ಹತ್ತು ಸಾವಿರದವರೆಗೆ ದಂಡ, ಆಮೇಲೂ ಸತಾಯಿಸಿದರೆ ದಿನಕ್ಕೆ ಐದು ಸಾವಿರದವರೆಗೆ. ಶಾಸಕರ ಸಹಾಯಕ ಕಲಿಸಿದ ಧಾಟಿಯೇ: ದೂರಬೇಡ, ಕೇಳು. ದೂರು ಅಧಿಕಾರಿ ಎಂಬವರು ಆ ಆಸ್ಪತ್ರೆಯಲ್ಲಿ ಇರಲೇ ಇಲ್ಲ. ಅವರಿಗೆ ಅಂಥದ್ದೊಂದು ಕಾನೂನಿದೆ ಎಂದೇ ಗೊತ್ತಿರಲಿಲ್ಲ. ಮ್ಯಾನೇಜರ್ ಫೋನ್ ಮಾಡಿ ಚಹಾಕ್ಕೆ ಕರೆದ. ಕಿಟ್ಟಿನ ದುಡ್ಡು ಬಿಟ್ಟರು, ಆಪರೇಷನ್ ಮಾಡಿದರು. ಆದರೆ ಆ ದಿನದ ಪಟ್ಟಿಯಲ್ಲಿ ಎಲ್ಲರದೂ ಆದ ಮೇಲೆ, ಕಟ್ಟಕಡೆಗೆ. ಬೆಳಗಿನಿಂದ ಉಪವಾಸ ಇದ್ದವನನ್ನು ಸಂಜೆ ಒಳಗೆ ಒಯ್ದರು. ನಾನು ಅದಕ್ಕೂ ಜಗಳ ತೆಗೆಯೋಣ ಅಂದೆ. ಅವನು ಕೈ ಮುಗಿದ. ಮನೆಗೆ ಹೋದರೆ ಸಾಕಾಗಿತ್ತು ಅವನಿಗೆ.

ನಡುವಿನ ವರ್ಷಗಳಲ್ಲಿ ಗುಳಿಗಿ ಬದಲಾಯಿತು. ಟಿಎಲ್‌ಇ ಹೋಗಿ, ಎಫಾವಿರೆನ್ಜ್ ಇಲ್ಲದ ಟಿಎಲ್‌ಡಿ ಬಂತು, ಆ ಕೆಟ್ಟ ಕನಸುಗಳು ನಿಂತವು. ವೈರಲ್ ಲೋಡಿನಲ್ಲಿ ನನ್ನದು ಪತ್ತೆಯಾಗದಷ್ಟು ಕಮ್ಮಿ. 2021ರಲ್ಲಿ ವಿಶ್ವಸಂಸ್ಥೆಯ ಹೊಸ ಘೋಷಣೆ ಬಂತು, 90ರ ಜಾಗಕ್ಕೆ 95 ಕೂತಿತು. ಸಮುದಾಯದ ಸಂಘಟನೆಗಳೇ ಪರೀಕ್ಷೆ ಮತ್ತು ಚಿಕಿತ್ಸೆಯ ಸೇವೆಯಲ್ಲಿ 30 ಭಾಗ, ತಡೆಯ ಕೆಲಸದಲ್ಲಿ 80 ಭಾಗ ಮಾಡಬೇಕು ಎಂದೂ ಬರೆದರು. ನಮ್ಮ ಸಂಘದ ಬಾಡಿಗೆ ಕಟ್ಟುವುದೇ ಕಷ್ಟವಾಗಿದ್ದ ವರ್ಷ ಅದು. ಕೇಂದ್ರದ ಐದನೇ ಹಂತದ ಕಾರ್ಯಕ್ರಮಕ್ಕೆ, 2021ರಿಂದ 2026ರವರೆಗೆ, 15,471.94 ಕೋಟಿ ಎಂದು ಇಟ್ಟರು. ಆದರೂ 2022ರಲ್ಲಿ ಗುಳಿಗಿಯ ತುಟಾಗ್ರತೆ ಬಂತು. ತಿಂಗಳಿಗೆ, ಎರಡು ತಿಂಗಳಿಗೆ ಕೊಡುತ್ತಿದ್ದವರು ಕೆಲವೇ ದಿನದ್ದು ಎಣಿಸಿ ಕಾಗದದಲ್ಲಿ ಕಟ್ಟಿ ಕೊಡತೊಡಗಿದರು. ಕೂಲಿ ಬಿಟ್ಟು, ಬಸ್ಸು ಹಿಡಿದು ಮತ್ತೆ ಮತ್ತೆ ಬರಬೇಕು. ಒಂದೆರಡು ಸಲ ಬಂದವರು ಮೂರನೇ ಸಲ ಬರುವುದಿಲ್ಲ. ವೈರಸ್ಸಿಗೆ ಬೇಕಾಗಿರುವುದು ಅದೇ. ಆ ಜುಲೈನಲ್ಲಿ ದೆಹಲಿಯ ನ್ಯಾಕೊ ಕಚೇರಿಯಲ್ಲೇ ಪಾಸಿಟಿವ್ ಜನ ಧರಣಿ ಕೂತರು, ತಿಂಗಳು ಮೀರಿತು. ನಾವು ಇಲ್ಲಿ ಪ್ರತಿ ವಾರ ಸೆಂಟರಿನ ಸ್ಟಾಕು ಕೇಳಿ ಬರೆದಿಟ್ಟುಕೊಳ್ಳುವ ಪದ್ಧತಿ ಶುರು ಮಾಡಿದೆವು, ಇವತ್ತಿಗೂ ಇದೆ. ಫಾರ್ಮಸಿಸ್ಟಿಗೆ ಮೊದಲು ಸಿಟ್ಟು ಬರುತ್ತಿತ್ತು. ಈಗ ಅವನೇ ಖಾಲಿಯಾಗುವ ಮೊದಲು ಫೋನ್ ಮಾಡುತ್ತಾನೆ, ನಾವು ಗದ್ದಲ ಮಾಡಿದರೆ ಅವನ ಇಂಡೆಂಟು ಬೇಗ ಪಾಸಾಗುತ್ತದಂತೆ.

2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವು ತಡೆದಾಗ ಬೇರೆ ದೇಶದ ಗೆಳೆಯರಿಂದ ಬಂದ ಸಂದೇಶಗಳನ್ನು ಓದಲಾಗುತ್ತಿರಲಿಲ್ಲ. ನಮ್ಮಲ್ಲಿ ದುಡ್ಡು ಬಹುಪಾಲು ಸರ್ಕಾರದ್ದೇ ಆದ್ದರಿಂದ ಕಿಟಕಿ ಮುಚ್ಚಲಿಲ್ಲ. ಸ್ವಂತ ದುಡ್ಡು ಹಾಕಿ ಎಂದು ಬ್ಯಾಂಕಾಕಿನಲ್ಲಿ ಅಷ್ಟು ಬಡಿದುಕೊಂಡಿದ್ದು ಯಾಕೆ ಎಂದು ಆಗ ಅರ್ಥವಾಯಿತು.

ಈಗ ನಮ್ಮ ಸಂಘದಲ್ಲಿ ಅರ್ಧಕ್ಕರ್ಧ ಜನ ಐವತ್ತರ ಆಸುಪಾಸಿನವರು. 2009ರಲ್ಲಿ ಯಾರೂ ಇದನ್ನು ಕನಸಿನಲ್ಲೂ ನೆನೆದಿರಲಿಲ್ಲ, ಯೋಜನೆಯಲ್ಲೂ ಬರೆದಿರಲಿಲ್ಲ. ಗುಳಿಗಿ ನಮ್ಮನ್ನು ಉಳಿಸಿತು, ಈಗ ಬಿಪಿ, ಸಕ್ಕರೆ, ಮೂಳೆ ನೋವು ಶುರು. ಎಆರ್‌ಟಿಗೆ ಒಂದು ಕಡೆ ಸಾಲು, ಸಕ್ಕರೆಗೆ ಇನ್ನೊಂದು ಕಡೆ, ಎರಡನೆಯ ಕಡೆ ಹಸಿರು ಪುಸ್ತಕ ತೋರಿಸಲು ಹೆದರಿಕೆ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಸುಮಾರು ಆರು ಪಟ್ಟು, ಆದರೆ ತಪಾಸಣೆಯ ಹೆಸರೆತ್ತಿದರೆ ಮತ್ತೊಂದು ಕಟ್ಟಡಕ್ಕೆ ಕಳಿಸುತ್ತಾರೆ. ಆ ಹಿರಿಯ ಶಾಸಕರು ಈಗ ಇಲ್ಲ. ಬೇರೆ ಪಕ್ಷದ ಯುವಕರೊಬ್ಬರು ಗೆದ್ದಿದ್ದಾರೆ, ಪ್ರಶ್ನೆ ಹಾಕುವುದೆಂದರೆ ಅವರಿಗೂ ಹುರುಪು. ಮುಂದಿನ ಬೆಳಗಾವಿ ಅಧಿವೇಶನಕ್ಕೆ ಬರೆದುಕೊಟ್ಟಿದ್ದೇವೆ: (ಅ) ಜಿಲ್ಲೆಯ ಎಆರ್‌ಟಿ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಪೈಕಿ ಐವತ್ತು ವರ್ಷ ಮೀರಿದವರೆಷ್ಟು? (ಆ) ಅವರಲ್ಲಿ ಕಳೆದ ಒಂದು ವರ್ಷದಲ್ಲಿ ರಕ್ತದೊತ್ತಡ, ಮಧುಮೇಹ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯಾದವರೆಷ್ಟು? (ಇ) ಈ ತಪಾಸಣೆಗಳನ್ನು ಅದೇ ಕೇಂದ್ರದಲ್ಲಿ, ಅದೇ ದಿನ ಒದಗಿಸಲಾಗುವುದೇ, ಹೌದಾದರೆ ಯಾವ ತಿಂಗಳಿಂದ? 'ಈ'ಗೆ ಜಾಗ ಬಿಟ್ಟಿದ್ದೇವೆ. ಅದು ದೂರು ಅಧಿಕಾರಿ ಇಲ್ಲದ ಆಸ್ಪತ್ರೆಗಳ ಬಗ್ಗೆ. ಅದನ್ನು ಒಂದೇ ಪ್ರಶ್ನೆಯಲ್ಲಿ ತುರುಕುವುದೋ, ಬೇರೆ ಹಾಕಿಸುವುದೋ ಎಂದು ಸಂಘದಲ್ಲಿ ಇನ್ನೂ ವಾದ ನಡೆದಿದೆ.